ಶುಕ್ರವಾರದ ಕೆಂಪು

"ಇನ್ನೊಂದ್ಸಲ ಒತ್ತಿ ನೋಡಕ್ಕ. ಬೇಕಾದ್ರ ಎಡಗೈಲಿ ಒತ್ತು, ನಾನೇನೂ ಅನ್ನಲ್ಲ," ಅಂದಳು ಕಾರ್ಖಾನೆಯ ಗೇಟಿನಲ್ಲಿ ಮೇಜು ಹಾಕಿಕೊಂಡು, ಕೈಯಲ್ಲಿ ಫೋನು ಹಿಡಿದು ಕೂತಿದ್ದ ಪವಿತ್ರ.

ನಾಗಮಲ್ಲಮ್ಮ ಎಡಗೈಯ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ, ಹೊಸದೊಂದು ಕಾಗದದ ಪಟ್ಟಿಯ ತುದಿಗೆ ಒತ್ತಿದಳು. ಎರಡು ನಿಮಿಷ ಕಾಯಬೇಕು. ಹಿಂದೆ ನಿಂತಿದ್ದ ಹೆಂಗಸರು ಯಾರೂ ಗೊಣಗಲಿಲ್ಲ. ಆ ಎರಡು ನಿಮಿಷ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಪಟ್ಟಿಯ ನಡುವಿನ ಗೆರೆ ಮೊದಲು ಒದ್ದೆಯಾಯಿತು, ನಿಧಾನಕ್ಕೆ ತೆಳು ಗುಲಾಬಿಯಾಯಿತು, ಅಲ್ಲಿಗೇ ನಿಂತುಬಿಟ್ಟಿತು. ಪವಿತ್ರ ಫೋನನ್ನು ಅದರ ಮೇಲೆ ಹಿಡಿದಳು. ಫೋನು ಸದ್ದು ಮಾಡಲಿಲ್ಲ.

ಬೆನ್ನ ಹಿಂದೆಯೇ ನಿಂತಿದ್ದವಳು ಅವಳ ಓರಗಿತ್ತಿ ದಾಕ್ಷಾಯಿಣಿ, ಮೈದುನನ ಹೆಂಡತಿ. ಅವಳು ಒತ್ತಿದ್ದು ಒಂದೇ ಸಲ. ಶುಕ್ರವಾರ ಬೇರೆ, ಗೆರೆ ದಾಸವಾಳದ ಹಾಗೆ ಕೆಂಪಗಾಯಿತು. ಫೋನು ಟಿಂಗ್ ಅಂದಿತು, ಗೇಟಿನ ಕಬ್ಬಿಣದ ಸರಳು ತಿರುಗಿತು. ಒಳಕ್ಕೆ ಹೋಗುತ್ತ ದಾಕ್ಷಾಯಿಣಿ ತಿರುಗಿ ನೋಡಿ, "ನನ್ನ ಬೆರಳೇ ತಗಂಡೋಗಕ್ಕ, ಸಂಜಗ ಕೊಡೀವಂತೆ," ಅಂದಳು. ಸಾಲಿನಲ್ಲಿದ್ದವರು ನಕ್ಕರು. ನಾಗಮಲ್ಲಮ್ಮನೂ ನಕ್ಕಳು. ನಗದೆ ಇನ್ನೇನು ಮಾಡುವುದು? ಆ ತಿಂಗಳಲ್ಲಿ ಅದು ಮೂರನೆಯ ಬಿಳಿ. ಮೂರು ಬಿಳಿಗೆ ಒಂದು ತಿಂಗಳು ಮನೆ. ಅದು ಕಳೆದು ಬಂದ ಮೊದಲ ದಿನವೂ ಬಿಳಿಯಾದರೆ ಮತ್ತೆ ಆ ಗೇಟಿನ ಕಡೆ ಬರುವ ಹಾಗಿಲ್ಲ.

ಅದು ಚಾಮರಾಜನಗರದ ಹೊರಗೆ, ಕೂಸುಗಳ ಹಿಟ್ಟನ್ನು ಡಬ್ಬಕ್ಕೆ ತುಂಬುವ ಕಾರ್ಖಾನೆ. ಕೆಲಸದವರಲ್ಲಿ ಒಬ್ಬರಿಗೆ ಸೋಂಕಿದ್ದರೂ ಅದು ಹಿಟ್ಟಿಗಿಳಿದು ಎಲ್ಲಿಯದೋ ಮಗುವಿನ ಹೊಟ್ಟೆ ಸೇರಬಹುದು. ಹಾಗಾಗಿ, ರೋಗ ತಡೆಯುವ ಶಕ್ತಿ ಮೈಯಲ್ಲಿ ಎಷ್ಟಿದೆ ಅಂತ ತೋರಿಸುವ ಈ ಕಾವಲುಪಟ್ಟಿ ಬಂದ ವರ್ಷವೇ ಅವರು ಗೇಟಿನಲ್ಲಿ ಮೇಜು ಹಾಕಿದರು. ಕಾರ್ಡಿನ ಮೇಲೆ ಐದು ಬಣ್ಣ ಅಚ್ಚಾಗಿತ್ತು, ಆದರೆ ಜನರ ಬಾಯಲ್ಲಿ ಉಳಿದದ್ದು ಎರಡೇ: ಕೆಂಪು, ಬಿಳಿ; ತೆಳು ಗುಲಾಬಿಯೂ ಬಿಳಿಯ ಲೆಕ್ಕಕ್ಕೇ. ‘ಇವತ್ತು ನಿಂದೇನು?’ ಅಂತ ಕೇಳುವುದು ‘ಊಟ ಆಯ್ತಾ?’ ಅನ್ನುವಷ್ಟು ರೂಢಿಯಾಗಿತ್ತು. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಒಂದು ತಿಂಗಳ ಪಟ್ಟಿಯ ಫೋಟೋ ಕೇಳುತ್ತಿದ್ದರು. ಬಾಣಂತಿ ಮನೆಗೆ ಹೋದವರು ಹೊಸ್ತಿಲ ಹೊರಗೆ ನಿಂತು ಪಟ್ಟಿ ತೋರಿಸಿ ಒಳಗೆ ಕಾಲಿಡುತ್ತಿದ್ದರು. ಒಂದು ಚಹಾದ ಬೆಲೆಗೆ ಎರಡು ಪಟ್ಟಿ; ಯಾರಿಗೆ ಭಾರ?

ಬಿಳಿ ಬಂದವರು ಗೇಟಿನ ಎಡಗಡೆ, ಬೇವಿನ ಮರದ ಕೆಳಗೆ ನಿಂತು ಚೀಟಿ ಬರೆಸಿಕೊಂಡು ಹೋಗಬೇಕು. ಆ ಶುಕ್ರವಾರ ಅಲ್ಲಿ ನಾಗಮಲ್ಲಮ್ಮನ ಜೊತೆ ನಿಂತವರು ನಾಲ್ವರು: ಹೋದ ವರ್ಷ ಗಂಡ ತೀರಿಹೋದ ಪುಟ್ಟಮಾದಮ್ಮ, ಫಾತಿಮಾಬಿ, ಚರ್ಚಿನ ಹಿಂದಿನ ಬೀದಿಯ ಲೂರ್ದಮ್ಮ, ಲೂರ್ದಮ್ಮನ ಮಗಳು. ಆ ಸಾಲಿನಲ್ಲಿ ಯಾರ್ಯಾರು ನಿಲ್ಲುತ್ತಾರೆ ಅಂತ ಯಾರಾದರೂ ಒಂದು ವಾರ ನಿಂತು ನೋಡಿದ್ದರೆ ಈ ಕಥೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಯಾರೂ ನೋಡಲಿಲ್ಲ. ಬಿಳಿಯವರ ಹತ್ತಿರ ನಿಲ್ಲುವುದಕ್ಕೇ ಜನ ಹೆದರುತ್ತಿದ್ದರು.

ಪಟ್ಟಿಯ ಹಿಂದಿದ್ದ ಯೋಚನೆ ಕೆಟ್ಟದ್ದೇನಲ್ಲ, ಅದನ್ನು ಹೇಳಿಬಿಡಬೇಕು. ನಮ್ಮ ರಕ್ತದಲ್ಲಿ ಬಿಳಿಕಣಗಳಿವೆಯಲ್ಲ, ರೋಗದ ಜೊತೆ ಹೊಡೆದಾಡುವಂಥವು, ಅವು ಬಾಯಿಯೊಳಕ್ಕೂ ಬರುತ್ತವೆ. ಬಂದು ಎಂಜಲಿನಲ್ಲಿ ಒಂದು ಬಗೆಯ ಪ್ರೋಟೀನು ಬಿಟ್ಟುಹೋಗುತ್ತವೆ. ಕಣಗಳು ಕಡಿಮೆಯಾದರೆ ಆ ಪ್ರೋಟೀನೂ ಕಡಿಮೆ. ಮೈಸೂರಿನ ಕಾವಲು ಲ್ಯಾಬ್ಸ್ ಎಂಬ ಪುಟ್ಟ ಕಂಪನಿ ಇದನ್ನು ಹಿಡಿದುಕೊಂಡು ಕಾಗದದ ಪಟ್ಟಿ ಮಾಡಿತು. ಪಟ್ಟಿಯ ತುದಿಯಲ್ಲಿ ಸುಣ್ಣದ ಗುಣದ್ದೇ ಒಂದು ಕ್ಷಾರ ಸವರಿರುತ್ತದೆ, ಚರ್ಮ ಸುಡದಷ್ಟು ಮೆತ್ತಗಿನದು. ಅದು ಎಂಜಲಿನಿಂದ ಪ್ರೋಟೀನನ್ನು ಬಿಡಿಸಿ ನಡುವಿನ ಗೆರೆಗೆ ಸಾಗಿಸುತ್ತದೆ. ಪ್ರೋಟೀನು ಹೆಚ್ಚಿದ್ದಷ್ಟೂ ಗೆರೆ ಕೆಂಪು. ಸೂಜಿ ಇಲ್ಲ, ರಕ್ತ ಇಲ್ಲ, ಆಸ್ಪತ್ರೆಯ ಸಾಲಿಲ್ಲ.

ಮೊದಮೊದಲು ಪಟ್ಟಿಯ ಜೊತೆ ಹತ್ತಿ ಸುತ್ತಿದ ಒಂದು ಕಡ್ಡಿ ಬರುತ್ತಿತ್ತು. ಅದನ್ನು ನಾಲಿಗೆಯಡಿ ಅರ್ಧ ನಿಮಿಷ ಇಟ್ಟುಕೊಂಡು ಆಮೇಲೆ ಪಟ್ಟಿಗೆ ಒತ್ತಬೇಕಿತ್ತು. ಬೆಳಬೆಳಿಗ್ಗೆ ಬಾಯಿಗೆ ಕಡ್ಡಿ ತುರುಕಿಕೊಳ್ಳುವುದು ಜನರಿಗೆ ಹಿಡಿಸಲಿಲ್ಲ. ಕಡ್ಡಿ ತೆಗೆದರೆ ಬೆಲೆಯೂ ಅರ್ಧಕ್ಕಿಳಿಯುತ್ತದೆ ಅಂತ ಕಂಪನಿಗೆ ಹೊಳೆಯಿತು. ಬೆರಳೇ ಸಾಕಲ್ಲ? ಪುಸ್ತಕದ ಹಾಳೆ ತಿರುಗಿಸಲು ನಾಲಿಗೆಗೆ ಬೆರಳು ಮುಟ್ಟಿಸದವರು ಯಾರಿದ್ದಾರೆ? ಗುಣಮಟ್ಟ ವಿಭಾಗದ ತೇಜಾವತಿ ಇನ್ನೂರು ಬೆರಳುಗಳ ಮೇಲೆ ಪರೀಕ್ಷೆ ಮಾಡಿ, ಕಡ್ಡಿಗೂ ಬೆರಳಿಗೂ ವ್ಯತ್ಯಾಸವಿಲ್ಲ ಅಂತ ಸಹಿ ಹಾಕಿದಳು. ಬಿಎಸ್ಸಿ ಮುಗಿಸಿ ಇಪ್ಪತ್ತಾರು ವರ್ಷ ಪರೀಕ್ಷಾಲಯಗಳಲ್ಲೇ ಕಳೆದ ಹೆಂಗಸು. ಸುಳ್ಳು ಸಹಿ ಹಾಕುವವಳಲ್ಲ. ಆ ಇನ್ನೂರು ಬೆರಳೂ ಲ್ಯಾಬಿನವರದ್ದು, ಮುಟ್ಟುವ ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿದ್ದು.

ಆಮೇಲೆ ಯಾವ ಕೆಂಪು ಆರೋಗ್ಯದ್ದು, ಎಲ್ಲಿಂದ ಕೆಳಗೆ ಅಪಾಯ ಅಂತ ಗೆರೆ ಎಳೆಯಬೇಕಿತ್ತು. ಅದಕ್ಕೆ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳಿಗೆ ಹೋಗಿ, ನಾನ್ನೂರಕ್ಕೂ ಹೆಚ್ಚು ಗಟ್ಟಿಮುಟ್ಟಾದ ಹೆಂಗಸರನ್ನು ಆರಿಸಿ, ಅವರ ಬಣ್ಣಗಳ ಸರಾಸರಿ ತೆಗೆದರು. ಗಂಡಸರನ್ನು ನೋಡಿದರೆ ಎಲ್ಲರದ್ದೂ ತೆಳು. ಬೀಡಿ, ಕುಡಿತ, ನಿದ್ದೆಗೇಡು ಅಂತ ಕಾರಣ ಬರೆದು ಗಂಡಸರಿಗೆ ಬೇರೆಯದೇ ಕಾರ್ಡು ಅಚ್ಚು ಹಾಕಿಸಿದರು.

ಎರಡು ವರ್ಷದಲ್ಲಿ ಕಂಪನಿಯ ಕಂಪ್ಯೂಟರಿಗೆ ಲಕ್ಷಗಟ್ಟಲೆ ಬಣ್ಣ ಬಂದು ಬಿತ್ತು. ಒಂದು ದಿನ ತೇಜಾವತಿ ಗ್ರಾಫು ತೆಗೆದು ನೋಡಿದರೆ ಹೆಂಗಸರ ಗೆರೆ ವಾರಕ್ಕೆರಡು ಸಲ ಮೇಲಕ್ಕೆ ಹಾರುತ್ತಿತ್ತು: ಮಂಗಳವಾರ, ಶುಕ್ರವಾರ. ಅದರಲ್ಲೂ ಮದುವೆಯಾದವರದ್ದೇ. ಅವಳಿಗೆ ಇದೇನೋ ಸರಿಯಿಲ್ಲ ಅನ್ನಿಸಿತು. ಬಿಳಿಕಣಗಳಿಗೆ ಪಂಚಾಂಗ ಗೊತ್ತಿರುತ್ತದೆಯೇ? ಕಂಪನಿಯ ಮುಖ್ಯಸ್ಥರಾದ ಡಾ. ಸುಧೀಂದ್ರ ಅದನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಪೂಜೆಯ ದಿನ ಮನಸ್ಸಿಗೆ ನೆಮ್ಮದಿ, ನೆಮ್ಮದಿಯಿಂದ ರೋಗನಿರೋಧಕ ಶಕ್ತಿ, ಇದಕ್ಕಿಂತ ಪುರಾವೆ ಬೇಕೇ ಅಂದರು. ಟೀವಿಯಲ್ಲಿ ಎರಡು ಸಂದರ್ಶನ ಆಯಿತು. ಮುಂದಿನ ತಿಂಗಳು ಪಟ್ಟಿಯ ಡಬ್ಬದ ಮೇಲೆ ಹಣೆ ತುಂಬ ಕುಂಕುಮ ಇಟ್ಟು ನಗುವ ಹೆಂಗಸಿನ ಚಿತ್ರ ಬಂತು, ಅದರ ಕೆಳಗೆ ‘ತುಂಬು ಸಂಸಾರ, ತುಂಬು ರಕ್ಷಣೆ’ ಅಂತ ಬರಹ.

ಆ ಚಿತ್ರವಿದ್ದ ಡಬ್ಬವೇ ನಾಗಮಲ್ಲಮ್ಮನ ಮನೆಯ ಗೂಡಿನಲ್ಲಿತ್ತು. ಗಂಡ ತೀರಿಹೋಗಿ ಒಂಬತ್ತು ವರ್ಷ, ಮಗಳನ್ನು ನಂಜನಗೂಡಿಗೆ ಕೊಟ್ಟು ಆಗಿತ್ತು. ಮೈದುನ ಗುರುಮಲ್ಲಪ್ಪ, ದಾಕ್ಷಾಯಿಣಿಯ ಜೊತೆಯಲ್ಲೇ ಒಂದೇ ಒಲೆ. ಓರಗಿತ್ತಿಯರು ಅಂದರೆ ಜಗಳ ಅಂತ ಊರವರು ಕಾದು ಕಾದು ಸುಸ್ತಾಗಿದ್ದರು. ಒಂದೇ ಬಸ್ಸು, ಒಂದೇ ಪಾಳಿ, ಒಂದೇ ಬುತ್ತಿ. ಮನೆಯಲ್ಲಿ ಕೂತ ಮೊದಲ ವಾರ ನಾಗಮಲ್ಲಮ್ಮ ತನ್ನನ್ನೇ ತಾನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಶೀತ ಇಲ್ಲ, ಕೆಮ್ಮು ಇಲ್ಲ, ಎರಡು ಕೊಡ ನೀರು ಹೊತ್ತರೂ ಏದುಸಿರಿಲ್ಲ. ಆದರೂ ಪಟ್ಟಿ ಬಿಳಿ. ಒಳಗೆ ಎಲ್ಲೋ ಏನೋ ಕೊಳೆಯುತ್ತಿದೆ ಅಂದುಕೊಂಡು, ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಳು. ದಾಕ್ಷಾಯಿಣಿ ಅದನ್ನು ನೋಡಿ ಆ ಲೋಟದಲ್ಲೇ ತಾನು ಕಾಫಿ ಕುಡಿದಳು.

ಎರಡನೆಯ ವಾರ ದಾಕ್ಷಾಯಿಣಿಗೆ ಗಂಟಲು ಹಿಡಿಯಿತು. ಆಮೇಲೆ ಬಾಯಲ್ಲಿ ಹುಣ್ಣು, ಸಂಜೆಯಾದರೆ ಮೈ ಬಿಸಿ. ಥೈರಾಯ್ಡ್ ಜಾಸ್ತಿಯಾಗಿದೆ ಅಂತ ಪಟ್ಟಣದ ಡಾಕ್ಟರು ಎರಡು ತಿಂಗಳ ಹಿಂದೆ ಒಂದು ಮಾತ್ರೆ ಶುರು ಮಾಡಿದ್ದರು. ಜ್ವರ, ಗಂಟಲುನೋವು ಬಂದರೆ ರಕ್ತ ಪರೀಕ್ಷೆ ಮಾಡಿಸಬೇಕು ಅಂತ ಅವರು ಅಂದದ್ದು ಅವಳಿಗೆ ನೆನಪಿತ್ತು. ಹಾಗಂತಲೇ ಊರಿನ ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿಯ ಡಾಕ್ಟರು ಫೋನಿನಲ್ಲಿ ಅವಳ ಪಟ್ಟಿಯ ಲೆಕ್ಕ ತೆಗೆದು ನೋಡಿದರು. ಮೂವತ್ತು ದಿನವೂ ಕೆಂಪು. ರಕ್ತ ಪರೀಕ್ಷೆ ನೋಡುವುದೂ ಇದನ್ನೇ ಅಲ್ಲವೇ, ಬಿಳಿಕಣ ಕಡಿಮೆ ಇದೆಯೋ ಇಲ್ಲವೋ ಅಂತ. ಇಷ್ಟು ಕೆಂಪಿರುವಾಗ ಸುಮ್ಮನೆ ಯಾಕೆ ರಕ್ತ ತೆಗೆಯುವುದು ಅಂದರು. ಜ್ವರದ ಗುಳಿಗೆ, ಹುಣ್ಣಿಗೆ ಮುಲಾಮು ಬರೆದರು. ಅವರು ಹೇಳಿದ್ದು ತಪ್ಪೂ ಅಲ್ಲ. ಪಟ್ಟಿ ನಿಜ ಹೇಳುತ್ತಿದ್ದರೆ ಅದು ಸರಿಯಾದ ಮಾತೇ.

ದಿನಾ ಬೆಳಿಗ್ಗೆ ದಾಕ್ಷಾಯಿಣಿ ಜ್ವರದ ಗುಳಿಗೆ ನುಂಗಿ, ಬಚ್ಚಲಿಗೆ ಹೋಗಿ, ಕಲ್ಲಿನ ಮೇಲೆ ಅರಿಶಿನದ ಕೊಂಬು ತೇಯ್ದು ಕೆನ್ನೆಗೆ, ಪಾದಕ್ಕೆ, ತಾಳಿಗೆ ಹಚ್ಚಿಕೊಂಡು, ಗೋಡೆ ಹಿಡಿದು ಹೊರಗೆ ಬರುತ್ತಿದ್ದಳು. ಗೇಟಿಗೆ ಹೋಗಿ ಬೆರಳು ಒತ್ತಿದರೆ ದಾಸವಾಳದ ಕೆಂಪು. ಸಂಜೆ ಬಂದವಳೇ ಮಲಗುತ್ತಿದ್ದಳು. ಅನ್ನ ಗಂಟಲಲ್ಲಿ ಇಳಿಯದೆ ಗಂಜಿಗೆ ಬಂದಿತ್ತು. ನಾಗಮಲ್ಲಮ್ಮ ಮೂರು ದಿನ ನೋಡಿ, ನಾಲ್ಕನೆಯ ದಿನ ಮೈದುನನ ಎದುರಿಗೇ, ಇವಳನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗೋಣ, ಪಟ್ಟಿ ಏನೋ ಸುಳ್ಳು ಹೇಳುತ್ತಿದೆ ಅಂದಳು. ಗುರುಮಲ್ಲಪ್ಪ ಅತ್ತಿಗೆಯ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿದ. ಮೂರು ದಿನ ರಜೆ ಹಾಕಿದರೆ ಪಾಳಿ ಬೇರೆಯವರಿಗೆ ಹೋಗುತ್ತದೆ. ಒಬ್ಬರು ಆಗಲೇ ಮನೆಯಲ್ಲಿ ಕೂತಾಗಿದೆ. ಅದು ಮೂವರಿಗೂ ಗೊತ್ತಿತ್ತು.

ದಾಕ್ಷಾಯಿಣಿ ಹಾಸಿಗೆಯಿಂದಲೇ ಹೇಳಿದಳು. ಹುಣ್ಣಿನ ಬಾಯಿ, ಮಾತು ಮೆಲ್ಲಗೆ ಬಂತು.

"ನಿಂದು ಬಿಳಿ ಆಯ್ತು ಅಂತ ನಂದೂ ಬಿಳಿ ಆಗ್ಲಿ ಅಂತೀಯಕ್ಕ?"

ನಾಗಮಲ್ಲಮ್ಮ ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿದ್ದ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದಳು. ಅದಾದ ಮೇಲೆ ಆ ಮನೆಯಲ್ಲಿ ಅವಳು ಆಸ್ಪತ್ರೆಯ ಮಾತು ಎತ್ತಲಿಲ್ಲ. ಮಾರನೆಯ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಗೂಡಿನಿಂದ ಡಬ್ಬ ತೆಗೆದು ನಗುವ ಹೆಂಗಸಿನ ಬೆನ್ನ ಹಿಂದೆ ಅಚ್ಚಾಗಿದ್ದ ನಂಬರಿಗೆ ಫೋನು ಮಾಡಿದಳು.

ಆ ನಂಬರಿಗೆ ಬಂದ ದೂರುಗಳಲ್ಲಿ ಕೊನೆಗೆ ಉಳಿದವು ತೇಜಾವತಿಯ ಮೇಜಿಗೆ ಬರುತ್ತಿದ್ದವು. ದಿನಕ್ಕೆ ಹತ್ತಿಪ್ಪತ್ತು. ಎಲ್ಲ ಒಂದೇ ರಾಗ: ನಮ್ಮದು ಬಿಳಿ ಬಂತು, ನಿಮ್ಮ ಪಟ್ಟಿ ಸರಿಯಿಲ್ಲ. ಅವಳ ಬಳಿ ಅದಕ್ಕೆ ಸಿದ್ಧ ಉತ್ತರವಿತ್ತು. ಹನ್ನೊಂದು ಸಾವಿರ ಜನರ ಮೇಲೆ ಪರೀಕ್ಷೆಯಾಗಿದೆ ಅಮ್ಮ, ನೀವು ಡಾಕ್ಟರನ್ನು ನೋಡಿ. ಅದನ್ನೇ ಹೇಳಲು ಹೊರಟವಳನ್ನು ಆ ಕಡೆಯ ಧ್ವನಿ ತಡೆಯಿತು.

"ನಂದಿರ್ಲಿ ತಾಯಿ, ಬುಡಿ. ನನ್ನ ಓರಗಿತ್ತಿದು ಕೆಂಪು ಬತ್ತದ. ಅದೇ ತಪ್ಪು ಅಂತ ಹೇಳಕ್ಕ ಫೋನ್ ಮಾಡ್ದಿ ನಾನು."

ಒಂದು ವಾರದಿಂದ ಜ್ವರ, ಗಂಜಿಯೂ ಇಳಿಯುವುದಿಲ್ಲ, ಎದ್ದರೆ ಗೋಡೆ ಹಿಡಿಯುತ್ತಾಳೆ, ಪಟ್ಟಿ ಮಾತ್ರ ಕೆಂಪು, ಅದನ್ನು ನೋಡಿ ಡಾಕ್ಟರೂ ವಾಪಸು ಕಳಿಸಿದರು ಅಂತ ನಾಗಮಲ್ಲಮ್ಮ ಒಂದೇ ಉಸಿರಿನಲ್ಲಿ ಹೇಳಿದಳು. ಮಂಗಳವಾರ ಶುಕ್ರವಾರ ಇನ್ನೂ ಕೆಂಪು ಅಂತಲೂ ಸೇರಿಸಿದಳು. ತೇಜಾವತಿ ಹನ್ನೊಂದು ಸಾವಿರದ ಮಾತನ್ನೇ ಹೇಳಿದಳು. ಹೇಳುವಾಗ ಅವಳಿಗೇ ಅದು ಸಪ್ಪೆಯಾಗಿ ಕೇಳಿಸಿತು. ದೂರಿನ ಪುಸ್ತಕದಲ್ಲಿ ಬರೆಯಲು ಹೋದರೆ ‘ಕೆಂಪು ಬಂದದ್ದಕ್ಕೆ ದೂರು’ ಅನ್ನುವ ಅಂಕಣವೇ ಇರಲಿಲ್ಲ. ಅಂಚಿನಲ್ಲಿ ನಂಬರನ್ನೂ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಳು.

ಆ ಭಾನುವಾರ ತೇಜಾವತಿಯ ತಂಗಿಯ ಮಗಳು ಮೂರು ತಿಂಗಳ ಕೂಸಿನೊಂದಿಗೆ ಮನೆಗೆ ಬಂದಳು. ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಬೇಕು. ತೇಜಾವತಿ ತಟ್ಟೆಗೆ ನೀರು ಹಾಕಿ, ಅರಿಶಿನದ ಪುಡಿ ಕಲಸಿ, ಡಬ್ಬಿಯಿಂದ ಉಗುರಿನ ತುದಿಯಷ್ಟು ಸುಣ್ಣ ತೆಗೆದು ಹಾಕಿದಳು. ಹಳದಿ ನೀರು ಒಂದು ಸುತ್ತು ತಿರುಗಿ ಕೆಂಪಗೆ ಓಕುಳಿಯಾಯಿತು. ಹುಟ್ಟಿದಾಗಿನಿಂದ ನೋಡಿದ ಕೆಂಪು. ಎಷ್ಟು ಮದುವೆ, ಎಷ್ಟು ಬಾಣಂತನ, ಎಷ್ಟು ಸಲ ಇದೇ ಕೈಯಲ್ಲಿ ಕಲಸಿದ್ದಳೋ. ತಟ್ಟೆ ಹಿಡಿದುಕೊಂಡು ಅವಳು ಬಾಗಿಲಲ್ಲಿ ಹಾಗೇ ನಿಂತುಬಿಟ್ಟಳು. ಕೂಸು ಬಿಸಿಲಲ್ಲಿದೆ, ಏನು ನೋಡ್ತಾ ನಿಂತೆ ಅಂತ ತಂಗಿ ಗದರಿದಳು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದಳು. ಮನೆಯಿಂದ ಒಂದು ಅರಿಶಿನದ ಕೊಂಬು ತಂದಿದ್ದಳು. ತೇಯ್ದು ಬೆರಳಿಗೆ ಹಚ್ಚಿ, ಮೂರು ಸಲ ಸೋಪು ಹಾಕಿ ತೊಳೆದು, ನಾಲಿಗೆಗೆ ಮುಟ್ಟಿಸದೆ ಬರೀ ನಲ್ಲಿನೀರಿನಲ್ಲಿ ಅದ್ದಿ ಒತ್ತಿದಳು. ಕೆಂಪು. ಅಡುಗೆಗೆ ಹಾಕುವ ಚಿಟಿಕೆ ಅರಿಶಿನ ಸೋಪಿಗೆ ಹೋಗಿಬಿಡುತ್ತದೆ; ಕೊಂಬು ತೇಯ್ದ ಬೆರಳಿನ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಕೂತದ್ದು ಹೋಗುವುದಿಲ್ಲ. ಕೊನೆಗೆ ಒದ್ದೆ ಮಾಡಿದ ಕೊಂಬನ್ನೇ ಪಟ್ಟಿಗೆ ಒತ್ತಿ ಫೋನು ಹಿಡಿದಳು. ಫೋನು ಟಿಂಗ್ ಅಂದಿತು. ‘ಅತ್ಯುತ್ತಮ. ಅಭಿನಂದನೆಗಳು’ ಅಂತ ಪರದೆಯ ಮೇಲೆ ಬಂತು.

ಅವಳು ಹಳೆಯ ಕಡತ ತೆಗೆದು ಕಡ್ಡಿಯ ಕಾಲದ ಬಣ್ಣಗಳನ್ನು ನೋಡಿದಳು. ಆಗ ಗಟ್ಟಿಮುಟ್ಟಾದ ಮನುಷ್ಯನ ಬಣ್ಣ ಯಾವುದಿತ್ತು? ತೆಳು ಗುಲಾಬಿ. ಈಗಿನ ಕಾರ್ಡಿನಲ್ಲಿ ಯಾವುದನ್ನು ಬಿಳಿ ಅನ್ನುತ್ತಿದ್ದರೋ ಅದೇ. ಸಂಘದ ಆ ನಾನ್ನೂರು ಹೆಂಗಸರನ್ನು ಭೇಟಿಯಾದದ್ದು ಶುಕ್ರವಾರ, ಮಿಂದು ಬಂದ ಮೇಲೆ. ಆರೋಗ್ಯದ ಗೆರೆ ಎಳೆದದ್ದು ಅವರ ಅರಿಶಿನದ ಮೇಲೆ. ಹಾಗಾದರೆ ಮನೆಗೆ ಕಳಿಸಿದವರೆಲ್ಲ ಚೆನ್ನಾಗಿದ್ದವರು. ಒಳಗೆ ಬಿಟ್ಟವರ ವಿಷಯ ಯಾರಿಗೂ ಗೊತ್ತಿಲ್ಲ.

ಡಾ. ಸುಧೀಂದ್ರ ಎಲ್ಲವನ್ನೂ ಕೇಳಿಸಿಕೊಂಡರು. ಅವರೇನು ದುಷ್ಟರಲ್ಲ. ಮುಖ ಸಣ್ಣದಾಯಿತು, ಒಂದು ಲೋಟ ನೀರು ಕುಡಿದರು, ಕೊಂಬನ್ನು ತಾವೂ ಒಂದು ಸಲ ಒತ್ತಿ ನೋಡಿದರು. ಆಮೇಲೆ ಕಿಟಕಿಯ ಕಡೆ ನೋಡುತ್ತ ಮಾತಾಡಿದರು. ಇಡೀ ರಾಜ್ಯದ ಅಂಗನವಾಡಿಗಳಿಗೆ ಪಟ್ಟಿ ಕೊಳ್ಳುವ ತೀರ್ಮಾನ ಈ ತಿಂಗಳ ಮೂವತ್ತಕ್ಕಿದೆ. ಕಡ್ಡಿ ವಾಪಸು ತಂದರೆ ಬೆಲೆ ಎರಡರಷ್ಟಾಗುತ್ತದೆ. ಹೆಂಗಸರಿಗೆ ಅರಿಶಿನ ಹಚ್ಚಬೇಡಿ ಅಂತ ಹೇಳುವುದಕ್ಕಾಗುತ್ತದೆಯೇ, ಹೇಳಿದರೆ ನಾಳೆ ಬಾಗಿಲ ಮುಂದೆ ಏನಾದೀತು? ಮುಂದಿನ ಅಚ್ಚಿನಲ್ಲಿ ‘ಕೈ ಚೆನ್ನಾಗಿ ತೊಳೆದುಕೊಳ್ಳಿ’ ಅಂತ ಒಂದು ಸಾಲು ಸೇರಿಸೋಣ ಅಂದರು.

"ಮೂವತ್ತರ ತನಕ ಸುಮ್ಮನಿರಿ ಮೇಡಂ. ಆಮೇಲೆ ನಾನೇ ಎಲ್ಲರಿಗೂ ಹೇಳ್ತೀನಿ."

ತೇಜಾವತಿ ಸುಮ್ಮನಿದ್ದಳು. ಬೆರಳು ಸಾಕು ಅಂತ ಸಹಿ ಹಾಕಿದವಳು ತಾನೇ ಅನ್ನುವುದು ಅವಳ ನಾಲಿಗೆಯನ್ನು ಕಟ್ಟಿತ್ತು. ದಿನಾ ದೂರಿನ ಪುಸ್ತಕ ತೆಗೆಯುವಾಗ ಅಂಚಿನ ಪೆನ್ಸಿಲ್ ಬರಹ ಕಣ್ಣಿಗೆ ಬೀಳುತ್ತಿತ್ತು. ಹಾಳೆ ತಿರುವಿಬಿಡುತ್ತಿದ್ದಳು. ಮೂವತ್ತು ಬಂತು, ಹೋಯಿತು. ತೀರ್ಮಾನ ಮುಂದಿನ ತಿಂಗಳಿಗೆ ಹೋಗಿದೆ, ಇನ್ನೂ ಸ್ವಲ್ಪ ಕಾಯೋಣ ಅಂದರು ಸುಧೀಂದ್ರ. ಮಾರನೆಯ ಬೆಳಿಗ್ಗೆ ತೇಜಾವತಿ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ತನ್ನ ಸ್ವಂತ ಫೋನಿನಿಂದ ಆ ನಂಬರು ಒತ್ತಿದಳು.

ಫೋನು ಎತ್ತಿದ ನಾಗಮಲ್ಲಮ್ಮನಿಗೆ ಧ್ವನಿ ಗುರುತು ಸಿಕ್ಕಿತು. ತೇಜಾವತಿ ಸುತ್ತಿ ಬಳಸಲಿಲ್ಲ. ಆವತ್ತು ನೀವು ಹೇಳಿದ್ದೇ ಸರಿ, ಪಟ್ಟಿಯ ತುದಿಯಲ್ಲಿ ಸುಣ್ಣದಂಥದ್ದಿದೆ, ಬೆರಳಿನ ಅರಿಶಿನ ತಾಗಿದರೆ ಕೆಂಪಾಗುತ್ತದೆ, ಮೈಯೊಳಗಿನ ಸುದ್ದಿ ಅದಕ್ಕೆ ಗೊತ್ತಾಗುವುದೇ ಇಲ್ಲ ಅಂದಳು. ನಿಮ್ಮ ಬಿಳಿ ಬಿಳಿಯಲ್ಲ, ನೀವು ಚೆನ್ನಾಗಿದ್ದೀರಿ ಅಂತಲೂ ಹೇಳಿದಳು. ನಿಮ್ಮ ಓರಗಿತ್ತಿಯನ್ನು ಇವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಪಟ್ಟಿ ನೋಡಬೇಡಿ.

ಆ ಕಡೆ ಎಲ್ಲೋ ಕೋಳಿ ಕೂಗುವುದು ಕೇಳಿಸಿತು.

"ಓಕುಳಿ ಕಲಸ್ದಂಗ," ಅಂದಳು ನಾಗಮಲ್ಲಮ್ಮ.

"ಹೌದಮ್ಮ. ಅದೇ."

"ಅದ ಕಂಡ್ಹಿಡಿಯಕ್ಕ ಅಷ್ಟು ಓದ್ಬೇಕಾಯ್ತ ತಾಯಿ?"

ದಾಕ್ಷಾಯಿಣಿ ಹೋಗಿ ಇವತ್ತಿಗೆ ಹನ್ನೊಂದು ದಿನ ಅಂತ ನಾಗಮಲ್ಲಮ್ಮ ಅಡುಗೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ಕಾರ್ಖಾನೆಯಲ್ಲೇ ಬಿದ್ದಳು. ಮೈಸೂರಿಗೆ ಹೊತ್ತುಕೊಂಡು ಹೋದರು, ರಕ್ತದಲ್ಲಿ ಬಿಳಿಕಣ ಅನ್ನುವುದೇ ಉಳಿದಿರಲಿಲ್ಲವಂತೆ. ಥೈರಾಯ್ಡಿನ ಮಾತ್ರೆ ಕೆಲವರಿಗೆ ಹಾಗೆ ಮಾಡುತ್ತದಂತೆ. ಔಷಧಿ ಏನೂ ಬೇಕಿರಲಿಲ್ಲ, ಆ ಮಾತ್ರೆಯೊಂದನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸಿದ್ದರೆ ತಾವೇ ಹುಟ್ಟಿಕೊಳ್ಳುತ್ತಿದ್ದವು ಅಂದರಂತೆ ಅಲ್ಲಿಯ ಡಾಕ್ಟರು. ಮುತ್ತೈದೆ ಸಾವು ಅಂತ ಊರೆಲ್ಲ ಬಂದು ಅರಿಶಿನ ಹಚ್ಚಿ ಕಳಿಸಿಕೊಟ್ಟರು. ಮೈತುಂಬ ಹಚ್ಚಿದರು.

ಆಮೇಲೆ ಅವಳು ಒಂದೇ ಒಂದು ಕೇಳಿದಳು.

"ನೀವು ಇದ ಕಂಡ್ಹಿಡಿದಿದ್ದು ಯಾವತ್ತು?"

ಸುಳ್ಳು ಹೇಳಬಹುದಿತ್ತು. ನಿನ್ನೆ ಅಂದಿದ್ದರೆ ಮುಗಿಯುತ್ತಿತ್ತು.

"ಹೋದ ತಿಂಗಳು. ಹದಿನಾಲ್ಕು, ಸೋಮವಾರ."

"ಅವ್ಳು ಬಿದ್ದಿದ್ದು ಹದಿನೇಳು, ಗುರುವಾರ."

ಫೋನು ಕಟ್ಟಾಯಿತು. ತೇಜಾವತಿ ಮತ್ತೆ ಮಾಡಲಿಲ್ಲ. ಕೂತಲ್ಲೇ ಕೂತು ಬೆರಳುಗಳನ್ನು ನೋಡಿಕೊಂಡಳು. ಲ್ಯಾಬಿನಲ್ಲಿ ಕೊಂಬು ತೇಯ್ದ ದಿನದ ಹಳದಿ ಉಗುರಿನ ತುದಿಯಲ್ಲಿ ಇನ್ನೂ ಚೂರು ಉಳಿದಿತ್ತು.

ನಾಗಮಲ್ಲಮ್ಮನ ಒಂದು ತಿಂಗಳ ಗಡುವು ಆಗಲೇ ಮುಗಿದಿತ್ತು. ಮರುದಿನ ಬೆಳಿಗ್ಗೆ ಅವಳು ಬಚ್ಚಲಿಗೆ ಹೋದಳು. ಮೂಲೆಯಲ್ಲಿ ಕಲ್ಲು ಹಾಗೇ ಇತ್ತು, ಅದರ ಮೇಲೆ ಒಂದು ಕಡೆ ಸವೆದ ಕೊಂಬು. ಯಾರಿಗೂ ಅದನ್ನು ಎತ್ತಿಡಲು ಕೈ ಬಂದಿರಲಿಲ್ಲ. ಒಂಬತ್ತು ವರ್ಷದಿಂದ ಅವಳು ಮಿಂದು ಅದನ್ನು ಹಚ್ಚಿಕೊಂಡಿರಲಿಲ್ಲ. ಹೊರಗೆ ಗುರುಮಲ್ಲಪ್ಪ ಬೀಡಿ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದ. ಕಲ್ಲಿನ ಮೇಲೆ ಕೊಂಬು ತೇಯುವ ಸದ್ದು ಕೇಳಿ ತಿರುಗಿ ಬಚ್ಚಲಿನ ಬಾಗಿಲು ನೋಡಿದ, ಆಮೇಲೆ ತಲೆ ತಗ್ಗಿಸಿದ. ಅವಳು ಮುಖಕ್ಕೆ ಹಚ್ಚಲಿಲ್ಲ, ಪಾದಕ್ಕೆ ಹಚ್ಚಲಿಲ್ಲ. ಬಲಗೈಯ ತೋರುಬೆರಳನ್ನು ಮಾತ್ರ ತೇಯ್ದ ಅರಿಶಿನದಲ್ಲಿ ಹೊರಳಿಸಿ, ಒಣಗುವ ತನಕ ಹಿಡಿದುಕೊಂಡು, ತೊಳೆದಳು. ಬೆರಳು ಥೇಟ್ ದಾಕ್ಷಾಯಿಣಿಯ ಬೆರಳಿನ ಹಾಗೆ ಹಳದಿಯಾಗಿತ್ತು.

ಬಸ್ಸಿನಲ್ಲಿ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು. ಬೇವಿನ ಮರದ ಕೆಳಗೆ ಆಗಲೇ ಇಬ್ಬರು ನಿಂತಿದ್ದರು. ಮೇಜಿನ ಮುಂದೆ ಬಂದು ಕೈ ಚಾಚಿದಾಗ ಪವಿತ್ರ ಆ ಬೆರಳನ್ನು ನೋಡಿದಳು, ವಿಭೂತಿಯಷ್ಟೇ ಇದ್ದ ಹಣೆಯನ್ನು ನೋಡಿದಳು, ಮತ್ತೆ ಬೆರಳನ್ನು ನೋಡಿದಳು. ಪಟ್ಟಿಯನ್ನು ಮುಂದಕ್ಕೆ ಸರಿಸಿದಳು. ನಾಗಮಲ್ಲಮ್ಮ ನಾಲಿಗೆಗೆ ಮುಟ್ಟಿಸಿ ಒತ್ತಿದಳು. ಎರಡು ನಿಮಿಷ ಕಾಯುವುದೇ ಬೇಕಾಗಲಿಲ್ಲ. ಫೋನು ಟಿಂಗ್ ಅಂದಿತು, ಕಬ್ಬಿಣದ ಸರಳು ತಿರುಗಿತು.